ಕಟ್ಟಬಾರದಿದ್ದ ಕಾಯಿ

"ಇದು ಇಲ್ಲಿ ಇರೋಕೆ ಸಾಧ್ಯವೇ ಇಲ್ಲ," ಎಂದಳು ಮೇಷ್ಟ್ರ ಮಗಳು.

ಒಣಗಿ ನಿಂತ ಹೂದಂಡಿನ ಹಿಂಬದಿಯ ಕವಲನ್ನು ಅವಳು ಎರಡು ಬೆರಳಲ್ಲಿ ಹಿಡಿದಿದ್ದಳು. ಸುರುಟಿಕೊಂಡ ಹೂಗಳ ನಡುವೆ ಮೂರು ಏಣಿನ ಹಸಿರು ಕಾಯಿಗಳು, ಒಂದೊಂದೂ ಬೆರಳ ತುದಿಯಷ್ಟು. ಮಿಕ್ಕ ಕವಲುಗಳೆಲ್ಲ ಬೋಳಾಗಿದ್ದವು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗಿಡ ಹೂ ಬಿಡುತ್ತದೆ, ಹೂವು ಕಾಯಾಗುತ್ತದೆ.

"ಯಾಕೆ ಸಾಧ್ಯವಿಲ್ಲ?"

"ಇದು ಒಂಟಿ ಗಿಡ."

ಗಾಜಿನಮನೆಯೊಳಗೆ ಕೂಲರ್ ಒಂದೇ ಸಮನೆ ಗೊಣಗುತ್ತಿತ್ತು. ಗಾಜಿನಾಚೆ ಮೋಡ ಕವಿದ ಮಧ್ಯಾಹ್ನ. ಕೆಲವು ದಿನಗಳ ಹಿಂದೆ, ಇಂಥದ್ದೇ ಒಂದು ಮಧ್ಯಾಹ್ನ, ಇದೇ ಗಿಡದ ಬುಡದಲ್ಲಿ, ಪಾತಿಯ ಕಲ್ಲಿನ ಅಂಚಿಗೆ ತಲೆ ಒಡೆದು, ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಸತ್ತು ಬಿದ್ದಿದ್ದರು. ಯಾರೋ ಎದೆಗೆ ಕೈಹಾಕಿ ನೂಕಿದ ಗುರುತಿತ್ತು. ಆ ಹೊತ್ತಿನಲ್ಲಿ ಗೇಟಿನ ಬಳಿ ಇರಬೇಕಾಗಿದ್ದ ಕಾವಲುಗಾರ ಅಲ್ಲಿರಲಿಲ್ಲ. ಎಲ್ಲಿದ್ದೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಅವನನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಅವಧಿ ಇವತ್ತು ಸಂಜೆಗೆ ಮುಗಿಯುತ್ತಿತ್ತು. ಆಮೇಲೆ ಕೋರ್ಟು, ಕೊಲೆಯ ಆರೋಪ, ಜೈಲು.

ಅವನು ಕೊಂದಿರಲಾರ ಎಂದು ಇನ್ಸ್‌ಪೆಕ್ಟರಿಗೆ ಒಳಗೊಳಗೇ ಅನಿಸುತ್ತಿತ್ತು. ಅನಿಸಿದ್ದನ್ನು ಯಾವ ಕೋರ್ಟೂ ಕೇಳುವುದಿಲ್ಲ.

"ನನಗೆ ಅರ್ಥವಾಗೋ ಹಾಗೆ ಹೇಳಿ," ಎಂದಳು. "ಇದು ಲೋಳೆಸರ ತಾನೇ?"

"ಲೋಳೆಸರವೇ. ಆದ್ರೆ ಜನ ಮನೆ ಮುಂದೆ ಕುಂಡದಲ್ಲಿ ಬೆಳೆಸಿ, ಕೈ ಸುಟ್ಟಾಗ ಮುರಿದು ಹಚ್ಕೋತಾರಲ್ಲ, ಅದಲ್ಲ. ಅದಕ್ಕೆ ಸಂಸಾರ ದೊಡ್ಡದು, ಬುಡದ ತುಂಬ ಮರಿ ಹಾಕುತ್ತೆ. ಇದು ಮರಿ ಹಾಕಲ್ಲ. ಕಾಂಡ ಅಂತಲೂ ಇಲ್ಲ, ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತೆ. ಇದರ ತವರು ಎತ್ತರದ ಬೆಟ್ಟ, ಚಳಿ, ಮಂಜು. ಬೇರಿಗೆ ಬಿಸಿ ತಾಗಿದ್ರೆ ಕೊಳೆತು ಹೋಗುತ್ತೆ."

ಇನ್ಸ್‌ಪೆಕ್ಟರ್ ಗಿಡವನ್ನು ಮೇಲಿನಿಂದ ನೋಡಿದಳು. ಅಗಲ ತಟ್ಟೆಯ ಹಾಗೆ ಹರಡಿದ ದಪ್ಪ ಎಲೆಗಳು. ಒಂದೊಂದರ ತುದಿಯೂ ಕಪ್ಪಿಗೆ ತಿರುಗಿದ ನೇರಳೆ, ಅಂಚಿಗೆ ಬಿಳಿಯ ಮುಳ್ಳು. ಐದು ಸಾಲು ಎಲೆಗಳು ನಡುವಿನಿಂದ ಹೊರಟು ಒಂದರ ಬೆನ್ನಿಗೆ ಒಂದು ಬಲಕ್ಕೆ ತಿರುಗುತ್ತಾ ಅಂಚು ಮುಟ್ಟಿದ್ದವು. ನೋಡುತ್ತಾ ನಿಂತರೆ ತಲೆ ಸುತ್ತುವ ಹಾಗಿತ್ತು. ತೋಟದವರು ಇದನ್ನು ಸುರುಳಿ ಎಂದೇ ಕರೆಯುತ್ತಿದ್ದರು.

"ಮರಿ ಹಾಕಲ್ಲ ಅಂದ್ರೆ ಬೀಜದಿಂದಲೇ ಆಗಬೇಕು," ಎಂದಳು ಮಗಳು. "ಆದ್ರೆ ತನ್ನ ಪರಾಗ ತನಗೇ ಹತ್ತಲ್ಲ. ಇನ್ನೊಂದು ಗಿಡದ್ದೇ ಬರಬೇಕು. ಪಕ್ಕದಲ್ಲಿ ಇನ್ನೊಂದು ಇರಲಿಲ್ಲ ಅಂದ್ರೆ ಹೂ ಬಿಟ್ಟು, ಬಾಡಿ, ಉದುರಿ ಹೋಗುತ್ತೆ. ಅಷ್ಟೇ ಇದರ ಹಣೆಬರಹ."

"ನಿಮ್ಮ ತಂದೆ ಅವತ್ತು ಫೋನ್ ಮಾಡಿದ್ದು..."

"ಇದೇ ಮಾತು. 'ಸುರುಳಿ ಕಾಯಿ ಕಟ್ಟಿದೆ' ಅಂದ್ರು, ಇಟ್ಟುಬಿಟ್ರು. ನಾನು ಪರೀಕ್ಷೆಯ ಕೋಣೆಯಲ್ಲಿದ್ದೆ, ಹುಡುಗರಿಗೆ ಉತ್ತರಪತ್ರಿಕೆ ಹಂಚ್ತಿದ್ದೆ. ಅಪ್ಪ ಖುಷಿಯಾಗಿದ್ದಾರೆ ಅನ್ಕೊಂಡೆ." ಅವಳು ಕವಲನ್ನು ಬಿಟ್ಟಳು. "ಅವರಿಗೆ ಖುಷಿಯಾಗಿರಲಿಲ್ಲ. ನಾನೂ ಸಸ್ಯಶಾಸ್ತ್ರ ಓದಿದವಳು, ನನಗೆ ಆಗಲೇ ಹೊಳೀಬೇಕಿತ್ತು."

ಇನ್ಸ್‌ಪೆಕ್ಟರ್ ಸಮಾಧಾನ ಹೇಳಲಿಲ್ಲ. ಹೇಳಿದರೆ ಆ ಹೆಣ್ಣುಮಗಳು ಅತ್ತುಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

"ಮೊದಲು ಎರಡು ಇದ್ದವಂತೆ?"

"ಇದ್ದವು. ಅದು ಎಡಕ್ಕೆ ಸುತ್ತುತ್ತಿತ್ತು, ಇದು ಬಲಕ್ಕೆ. ಎಳೇದಾಗಿದ್ದಾಗ ಸುರುಳಿ ಇರಲ್ಲ. ಒಂದು ಸಲ ಸುತ್ತೋಕೆ ಶುರು ಮಾಡ್ತು ಅಂದ್ರೆ ಸಾಯೋವರೆಗೂ ಅದೇ ದಿಕ್ಕು. ಹೋದ ಬೇಸಿಗೆಯಲ್ಲಿ ಕೂಲರ್ ಕೆಟ್ಟು ನಿಂತಾಗ ಎಡದ್ದಕ್ಕೆ ಬುಡದಲ್ಲಿ ಕೊಳೆ ಬಂತು. ಇದಕ್ಕೂ ಹಬ್ಬೀತು ಅಂತ ಅಪ್ಪ ಸುಟ್ಟು ಹಾಕಿಸಿದ್ರು."

"ಸುಟ್ಟಿದ್ದು ಯಾರು?"

"ಸಸಿಮನೆ ಅಕ್ಕ."

ಸಸಿಮನೆಯ ಮೇಲ್ವಿಚಾರಕಿಯನ್ನು ತೋಟದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೇಟಿನಲ್ಲಿ ನಿಲ್ಲುವ ತಮ್ಮ ಅಕ್ಕಾ ಎಂದು ಕೂಗುವುದನ್ನು ಕೇಳಿ ಕೇಳಿ, ಕೊನೆಗೆ ಮೇಷ್ಟ್ರಿಗೂ ಅವಳು ಅಕ್ಕನೇ ಆಗಿದ್ದಳು. ಲಾಕಪ್ಪಿನಲ್ಲಿದ್ದವನು ಆ ತಮ್ಮ.

"ಬೇರೆ ಲೋಳೆಸರದ ಪರಾಗ ಬಿದ್ದಿರಬಹುದಲ್ಲ? ಜೇನುನೊಣ..."

"ಜೇನುನೊಣ ಬರೀ ಹಿಂದಿನ ಕವಲಿಗೆ ಮಾತ್ರ ಯಾಕೆ ಕೂರುತ್ತೆ? ನೋಡೋರ ಕಣ್ಣಿಗೆ ಬೀಳದ ಕವಲಿಗೆ?" ಮಗಳು ಕಾಯಿಗಳ ಕೆಳಗೆ ತೋರಿಸಿದಳು. "ಇಲ್ಲಿ ನೋಡಿ."

ಕವಲಿನ ಬುಡದಲ್ಲಿ ಬಿಳಿ ದಾರದ ಒಂದು ಗಂಟು. ದಾರದ ಬಾಲವನ್ನು ಯಾರೋ ಕತ್ತರಿಸಿದ್ದರು, ಗಂಟು ಮಾತ್ರ ಕವಲಿಗೆ ಕಚ್ಚಿಕೊಂಡು ಉಳಿದಿತ್ತು.

"ಕೈಯಿಂದ ಪರಾಗ ಸೋಕಿಸಿದ ಮೇಲೆ ಗುರುತಿಗೆ ದಾರ ಕಟ್ತೀವಿ. ಈ ಕೆಲಸ ಮಾಡೋರಿಗೆಲ್ಲ ಅದು ಅಭ್ಯಾಸ. ಗುಟ್ಟಾಗಿ ಮಾಡೋವಾಗಲೂ ಕೈ ತಾನಾಗೇ ಕಟ್ಟಿಬಿಡುತ್ತೆ."

ಇನ್ಸ್‌ಪೆಕ್ಟರ್ ಗಂಟನ್ನು ಹತ್ತಿರದಿಂದ ನೋಡಿದಳು. ಎರಡು ಸುತ್ತು, ತುದಿಯನ್ನು ಒಳಗೆ ತೂರಿಸಿ ಎಳೆದದ್ದು. ನಿನ್ನೆ ಅಕ್ಕ ತಮ್ಮನಿಗೆಂದು ಠಾಣೆಗೆ ಕಂಬಳಿ ತಂದಿದ್ದಳು, ಅದಕ್ಕೆ ಬಿಗಿದಿದ್ದ ದಾರಕ್ಕೂ ಇಂಥದ್ದೇ ಗಂಟು. ಹೆಡ್ ಕಾನ್‌ಸ್ಟೇಬಲ್ಲು ಅದನ್ನು ಬಿಚ್ಚಲಾರದೆ ಉಗುರು ಮುರಿದುಕೊಂಡು, ಕೊನೆಗೆ ಬ್ಲೇಡು ಹಾಕಿ ಕೊಯ್ದು, ಅರ್ಧ ಗಂಟೆ ಅದರ ಕಥೆಯನ್ನೇ ಹೇಳಿದ್ದರು. ಬಾಯಿ ತೆಗೆದರೆ ಮುಗಿಸುವುದು ಗೊತ್ತಿಲ್ಲದ ಅವರಿಗೆ ಠಾಣೆಯಲ್ಲಿ 'ಪುರಾಣ' ಎಂದು ಹೆಸರು.

"ನೀವು ಸ್ವಲ್ಪ ಹೊತ್ತು ಹೊರಗಿರಿ," ಎಂದಳು ಇನ್ಸ್‌ಪೆಕ್ಟರ್. "ಅಕ್ಕನನ್ನ ಒಳಗೆ ಕಳಿಸಿ."

*

ಅಕ್ಕ ಬಾಗಿಲಲ್ಲೇ ಚಪ್ಪಲಿಯ ಮಣ್ಣನ್ನು ಒರೆಸಿ ಬಂದಳು. ಸಣ್ಣ ಆಳು. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು, ಮುಂಗೈಯಲ್ಲಿ ಹಳೆಯ ಗೀರುಗಳು.

"ನನ್ನ ತಮ್ಮನ್ನ ಇವತ್ತು ಬಿಡ್ತೀರಾ?"

ಇನ್ಸ್‌ಪೆಕ್ಟರ್ ಉತ್ತರ ಕೊಡದೆ ಗಿಡದ ಕಡೆ ನೋಡುತ್ತಾ ನಿಂತಳು. ಮಾತಿಲ್ಲದ ಜಾಗವನ್ನು ಜನ ಹೆಚ್ಚು ಹೊತ್ತು ಖಾಲಿ ಬಿಡುವುದಿಲ್ಲ, ಏನಾದರೂ ತಂದು ತುಂಬುತ್ತಾರೆ. ಅವಳ ಅರ್ಧ ಕೇಸುಗಳು ಹಾಗೇ ಬಗೆಹರಿದಿದ್ದವು. ಆದರೆ ಅಕ್ಕ ತುಂಬಲಿಲ್ಲ. ಗಿಡಗಳ ಜೊತೆ ಆಯುಷ್ಯ ಕಳೆದವಳಿಗೆ ಮೌನ ಹೊಸದಾಗಿರಲಿಲ್ಲ. ಕೊನೆಗೆ ಸೋತವಳು ಇನ್ಸ್‌ಪೆಕ್ಟರೇ.

"ಈ ಗಂಟು ನಿಮ್ಮದು."

ಅಕ್ಕ ನೋಡಲಿಲ್ಲ. "ಇರಬಹುದು."

"ಪರಾಗ ಎಲ್ಲಿಂದ ತಂದ್ರಿ?"

"ಆಚೆ ಗಾಜಿನಮನೆಯಲ್ಲಿ ಬೇರೆ ಜಾತಿ ಲೋಳೆಸರ ಹೂ ಬಿಟ್ಟಿತ್ತು. ಏನಾಗುತ್ತೋ ನೋಡೋಣ ಅಂತ ಕುಂಚಕ್ಕೆ ಹತ್ತಿಸ್ಕೊಂಡು ಬಂದೆ. ಬೆರಕೆ ಆಗಿದೆ."

"ಮೇಷ್ಟ್ರಿಗೆ ಹೇಳದೆ?"

"ಅವರು ಬೇಡ ಅಂತಿದ್ರು."

"ಬೆರಕೆ ಬೀಜಕ್ಕೆ ಇಲ್ಲಿ ಬೆಲೆ ಇಲ್ಲ ಅಲ್ವಾ?"

"ಇಲ್ಲ."

"ಮತ್ತೆ ಯಾಕೆ ಗಿಡಕ್ಕೆ ಭಾರ." ಇನ್ಸ್‌ಪೆಕ್ಟರ್ ಮೊಳೆಗೆ ನೇತುಹಾಕಿದ್ದ ಕತ್ತರಿಯನ್ನು ತೆಗೆದುಕೊಂಡಳು. ಕಾಯಿ ಹಿಡಿದ ಕವಲನ್ನು ಕತ್ತರಿಯ ಬಾಯಿಗೆ ಕೊಟ್ಟಳು.

ಅಕ್ಕ ಅಲುಗಾಡಲಿಲ್ಲ. ಇನ್ಸ್‌ಪೆಕ್ಟರ್ ಕತ್ತರಿಯನ್ನು ಒತ್ತಿದಳು, ಹಸಿರು ಸಿಪ್ಪೆಯ ಮೇಲೆ ಒಂದು ಹನಿ ರಸ ಮೂಡಿತು.

ಅಕ್ಕನ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಸಣ್ಣ ಹೆಂಗಸಿನ ಹಿಡಿತ ಅಷ್ಟು ಬಿಗಿಯಾಗಿರುತ್ತದೆ ಎಂದು ಇನ್ಸ್‌ಪೆಕ್ಟರ್ ಎಣಿಸಿರಲಿಲ್ಲ.

"ಬೇಡ," ಎಂದಳು ಅಕ್ಕ. "ಬೆರಕೆ ಅಲ್ಲ."

"ಹಾಗಾದ್ರೆ ಎಡಗಡೆ ಸುತ್ತೋದು ಬದುಕಿದೆ."

ಅಕ್ಕ ಮೊದಲು ಕತ್ತರಿಯನ್ನು ಬಿಡಿಸಿಕೊಂಡು, ಬಟ್ಟೆಯಲ್ಲಿ ಒರೆಸಿ, ಮೊಳೆಗೆ ತೂಗುಹಾಕಿದಳು. ಮಾತು ಆಮೇಲೆ ಬಂತು.

"ಸುಡು ಅಂದ್ರು. ಎತ್ಕೊಂಡು ಹೋದೆ, ಬೆಂಕಿನೂ ಹಚ್ಚಿದೆ. ಹಾಕೋಕೆ ಕೈ ಬರಲಿಲ್ಲ. ನಡುವಿನ ಎಲೆ ಇನ್ನೂ ಗಟ್ಟಿಯಾಗಿತ್ತು ಮೇಡಂ. ನಡು ಗಟ್ಟಿ ಇರೋ ಗಿಡನ ಹೇಗೆ ಸುಡೋದು? ಬರೀ ಮಣ್ಣು, ಒಣಗಿದ ಎಲೆ ಸುಟ್ಟೆ. ಮನೆಗೆ ತಗೊಂಡು ಹೋಗಿ ಕೊಳೆತಿದ್ದನ್ನೆಲ್ಲ ಕೊರೆದು ತೆಗೆದೆ, ಇದ್ದಿಲ ಪುಡಿ ತುಂಬಿದೆ. ಬದುಕಿತು."

"ವಾಪಸ್ ತರಬಹುದಿತ್ತು."

"ಸುಟ್ಟೆ ಅಂತ ಹೇಳಿ ಆಗಿತ್ತಲ್ಲ. ಇವತ್ತು ನಾಳೆ ಅಂತ ದಿನ ಹೋಯ್ತು. ಈ ಸಲ ಎರಡೂ ಒಟ್ಟಿಗೆ ಹೂ ಬಿಟ್ವು. ಇಲ್ಲೊಂದು ಬಂಜೆ, ಅಲ್ಲೊಂದು ಬಂಜೆ. ನೋಡ್ಕೊಂಡು ಸುಮ್ನಿರೋದು ಹೇಗೆ?"

"ಮೇಷ್ಟ್ರಿಗೆ ಅವತ್ತು ಮಧ್ಯಾಹ್ನ ಗೊತ್ತಾಯ್ತು."

"ನೋಡಿದ ತಕ್ಷಣ ಗೊತ್ತಾಯ್ತು. ಕರೆದ್ರು. ಬೈತಾರೆ ಅನ್ಕೊಂಡೆ, ಬೈಲಿಲ್ಲ. 'ಸಂಜೆಯೊಳಗೆ ಅದು ಇಲ್ಲಿರಬೇಕು ಅಕ್ಕ, ನಾನು ಏನೂ ಕೇಳಲ್ಲ' ಅಂದ್ರು ಅಷ್ಟೇ." ಅಕ್ಕ ಬಾಡಿದ ಒಂದು ಹೂವನ್ನು ಕಿತ್ತು ಕೆಳಗೆ ಹಾಕಿದಳು. "ಬೈದಿದ್ರೆ ಚೆನ್ನಾಗಿತ್ತು."

"ನಿಮ್ಮ ತಮ್ಮ ಆಗ ಎಲ್ಲಿದ್ದ?"

ಅಕ್ಕ ಬಾಗಿಲ ಕಡೆ ಹೊರಟಳು. "ಗಿಡ ನೋಡಬೇಕಲ್ವಾ ನಿಮಗೆ? ಬನ್ನಿ. ಅಲ್ಲೇ ಹೇಳ್ತೀನಿ."

*

ಅಕ್ಕ ತಮ್ಮ ಇಬ್ಬರೇ ಇದ್ದ ಮನೆ, ತೋಟದ ಹಿಂದಿನ ಬೀದಿಯ ಕೊನೆಯಲ್ಲಿತ್ತು. ಕೆಳಗೆ ಒಂದು ಕೋಣೆ, ಒಂದು ಅಡುಗೆಮನೆ. ಒಲೆಯ ಮೇಲೆ ಅರ್ಧ ಬೆಂದು ಆರಿದ ಅನ್ನ ಹಾಗೇ ಕೂತಿತ್ತು. ತಮ್ಮನ ಇನ್ನೊಂದು ಜೊತೆ ಸಮವಸ್ತ್ರವನ್ನು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು, ನಾಳೆ ಕೆಲಸಕ್ಕೆ ಹೋಗುವವನಿಗೆ ಹಾಕಿಟ್ಟ ಹಾಗೆ. ಇನ್ಸ್‌ಪೆಕ್ಟರಿಗೆ ಆ ಕುರ್ಚಿಯನ್ನು ನೋಡಲಾಗಲಿಲ್ಲ.

ತಾರಸಿಗೆ ಹೋಗುವ ಮೆಟ್ಟಿಲು ಕಡಿದಾಗಿ, ಇಕ್ಕಟ್ಟಾಗಿತ್ತು. ತಿರುವಿನಲ್ಲಿ ಎರಡೂ ಬದಿಯ ಗೋಡೆಗೆ ಮುಳ್ಳು ಗೀರಿದ ಹೊಸ ಗೆರೆಗಳು, ಒಂದೇ ಎತ್ತರದಲ್ಲಿ. ಕೆಳಗೆ ಉದುರಿದ ಮಣ್ಣನ್ನು ಯಾರೂ ಗುಡಿಸಿರಲಿಲ್ಲ.

ತಾರಸಿಯಲ್ಲಿ ಬಿಸಿಲು ಬೀಳದ ಮೂಲೆ. ಹಸಿರು ಬಲೆಯ ನೆರಳು, ಕುಂಡದ ಸುತ್ತ ಒದ್ದೆ ಗೋಣಿಚೀಲ. ಅದರೊಳಗೆ ಸುರುಳಿಯ ಜೋಡಿ.

ಒಂದು ಪಕ್ಕದಲ್ಲಿ ಎಲೆಗಳಿರಲಿಲ್ಲ. ಕೊರೆದ ಜಾಗ ಒಣಗಿ ಕಪ್ಪುಗಟ್ಟಿತ್ತು. ಮಿಕ್ಕ ಎಲೆಗಳು ಆ ಗಾಯವನ್ನು ಬಳಸಿಕೊಂಡು, ಸಾಲು ತಪ್ಪದೆ, ಎಡಕ್ಕೆ ಸುತ್ತುತ್ತಾ ಹೋಗಿದ್ದವು. ಇದರ ಹೂದಂಡಿನಲ್ಲೂ ಕೆಲವು ಕಾಯಿ.

ಇನ್ಸ್‌ಪೆಕ್ಟರ್ ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದಳೋ. ಇದಕ್ಕಾಗಿ ಒಬ್ಬರು ಸತ್ತಿದ್ದರು. ಗಿಡಕ್ಕೆ ಅದರ ಪರಿವೆಯಿರಲಿಲ್ಲ.

"ಈ ಕುಂಡ ಒಬ್ಬರ ಕೈಲಿ ಆಗಲ್ಲ," ಎಂದಳು ಅಕ್ಕ. "ಭಾರ ಒಂದು ಕಡೆ, ಮುಳ್ಳು ಇನ್ನೊಂದು ಕಡೆ. ಇಬ್ಬರು ಎದುರುಬದುರು ಹಿಡೀಬೇಕು. ಮೇಷ್ಟ್ರು ವಾಪಸ್ ತಾ ಅಂದ ಮೇಲೆ ತಮ್ಮನ್ನ ಗೇಟಿನಿಂದ ಕರ್ಕೊಂಡು ಬಂದೆ. ಇಬ್ಬರೂ ಸೇರಿ ತಿರುವಿನವರೆಗೆ ಇಳಿಸಿದ್ವಿ. ಅಷ್ಟರಲ್ಲಿ ತೋಟದಿಂದ ಫೋನ್ ಬಂತು, ಮೇಷ್ಟ್ರು ಬಿದ್ದಿದ್ದಾರೆ ಅಂತ. ಮತ್ತೆ ಮೇಲೆ ತಂದಿಟ್ಟು ಓಡಿದ್ವಿ."

"ಅಂದ್ರೆ ಮೇಷ್ಟ್ರು ಸತ್ತ ಹೊತ್ತಿನಲ್ಲಿ ಅವನು ನಿಮ್ಮ ಜೊತೆ ಇಲ್ಲೇ ಇದ್ದ."

"ಹೂಂ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಗಿಡದ ವಿಷಯ ಬಾಯಿಬಿಟ್ರೆ, ಕದ್ದೋರು ಇವರೇ, ಕೊಂದೋರೂ ಇವರೇ ಅಂತೀರಿ. ನಾನೇ ಅವನ ಬಾಯಿ ಮುಚ್ಚಿಸಿದ್ದೆ. ನಾಲ್ಕು ದಿನ ಸುಮ್ನಿದ್ರೆ ಸಾಕ್ಷಿ ಇಲ್ಲ ಅಂತ ಬಿಟ್ಟುಬಿಡ್ತಾರೆ ಅಂದೆ. ಅವನು ಚಿಕ್ಕಂದಿನಿಂದ ನಾನು ಹೇಳಿದ್ದನ್ನ ಮೀರಿದವನಲ್ಲ."

"ಇದನ್ನೆಲ್ಲ ಬರೆದುಕೊಟ್ರೆ ನಿಮ್ಮ ಕೆಲಸ ಹೋಗುತ್ತೆ. ಕಳ್ಳತನದ ಕೇಸೂ ಆಗಬಹುದು."

"ಆಗಲಿ. ಅವನು ಹೊರಗೆ ಬರಲಿ."

ಇನ್ಸ್‌ಪೆಕ್ಟರ್ ಜೇಬಿನಿಂದ ಕಾಗದ ತೆಗೆದಳು. ಕೋರ್ಟಿನ ಬಾಗಿಲು ಹಾಕುವುದಕ್ಕೆ ಇನ್ನೂ ಸಮಯವಿತ್ತು. ಅವಳಿಗೆ ಅಪರೂಪಕ್ಕೆ ಎದೆ ಹಗುರವಾದ ಹಾಗೆ ಅನಿಸಿತು. ಅಷ್ಟರಲ್ಲಿ ಫೋನು ಬಂತು. ಪುರಾಣ.

"ಮೇಡಂ, ನಮ್ಮ ಕಾವಲುಗಾರ ಒಪ್ಕೊಂಡ."

"ಏನನ್ನ?"

"ಕೊಲೆನ. ನಾವು ಯಾರೂ ಅವನ ತಂಟೆಗೆ ಹೋಗಿಲ್ಲ, ಆಣೆ ಮಾಡಿ ಹೇಳ್ತೀನಿ. ನಾನು ಟೀ ಕೊಡೋಕೆ ಹೋದೆ. ಟೀ ಕುಡಿದ, ಲೋಟ ಕೆಳಗಿಟ್ಟ, ಮೇಷ್ಟ್ರನ್ನ ನೂಕಿದ್ದು ನಾನೇ ಅಂದ. ಲೋಟ ಇನ್ನೂ ಬಿಸಿ ಇದೆ ಮೇಡಂ, ನಾನೇ ಕೈಯಲ್ಲಿ..."

"ಯಾಕೆ ನೂಕಿದನಂತೆ?"

"ಅದೊಂದು ಮಾತ್ರ ಹೇಳಲ್ಲ. ಸಹಿ ಹಾಕ್ತೀನಿ, ಪೆನ್ನು ಕೊಡಿ ಅಂತ ಕೂತಿದ್ದಾನೆ."

"ಕೊಡಬೇಡಿ."

"ಕೊಡದೆ ಏನ್ ಮಾಡ್ಲಿ? ಸಾಹೇಬರು ಬಂದ್ರೆ ಅವರೇ ತಮ್ಮ ಪೆನ್ನು ಕೊಡ್ತಾರೆ."

"ನಿಮ್ಮ ಪುರಾಣ ಶುರು ಮಾಡಿ. ನಾನು ಬರೋವರೆಗೂ ಮುಗಿಸಬೇಡಿ."

ಫೋನು ಇಟ್ಟಾಗ ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಕೇಳಿಸಿರಬೇಕು, ಪುರಾಣದವರ ಗಂಟಲು ಅಂಥದ್ದು. ಆದರೂ ಇನ್ಸ್‌ಪೆಕ್ಟರ್ ಹೇಳಿದಳು.

"ನಿಮ್ಮ ತಮ್ಮ ತಪ್ಪೊಪ್ಪಿಕೊಂಡಿದ್ದಾನೆ. ಗುಮಾನಿ ನಿಮ್ಮ ಮೇಲೆ ಬರುತ್ತೆ ಅಂತ ಹೆದರಿ, ನಿಮ್ಮನ್ನ ಉಳಿಸೋಕೆ ಹಾಗಂದಿರಬೇಕು. ಪರವಾಗಿಲ್ಲ. ನೀವು ಈಗ ಹೇಳಿದ್ದನ್ನ ಬರೆದು ಸಹಿ ಹಾಕಿ, ಅವನ ಮಾತು ಕೋರ್ಟಿನಲ್ಲಿ ನಿಲ್ಲಲ್ಲ."

ಕಾಗದವನ್ನು ಚಾಚಿದಳು. ಅಕ್ಕ ತೆಗೆದುಕೊಳ್ಳಲಿಲ್ಲ. ಅಳುತ್ತಾಳೆ, ಠಾಣೆಗೆ ಓಡುತ್ತಾಳೆ ಎಂದುಕೊಂಡಿದ್ದು ಸುಳ್ಳಾಯಿತು. ಅಕ್ಕ ಬಗ್ಗಿ ಕುಂಡದ ಗೋಣಿಯನ್ನು ಸರಿ ಮಾಡಿದಳು. ಒಂದು ಎಲೆಯ ಮೇಲೆ ಕೂತಿದ್ದ ಧೂಳನ್ನು ಬೆರಳಲ್ಲಿ ಒರೆಸಿದಳು. ಅವಳ ಮುಖದಲ್ಲಿ ಏನೋ ಲೆಕ್ಕ ನಡೆಯುತ್ತಿತ್ತು. ಆ ಲೆಕ್ಕ ಅವಳಿಗೆ ತುಂಬಾ ನೋವು ಕೊಡುತ್ತಿತ್ತು.

"ನಾನು ಹೇಳಿದ್ದನ್ನ ಬರ್ಕೋಬೇಡಿ," ಎಂದಳು.

"ಏನು?"

"ಅವನು ಅವತ್ತು ಮಧ್ಯಾಹ್ನ ಇಲ್ಲಿಗೆ ಬಂದಿರಲಿಲ್ಲ. ಬಿಡಿಸೋಣ ಅಂತ ಸುಳ್ಳು ಹೇಳಿದೆ. ಒಡಹುಟ್ಟಿದವನು, ಕರುಳು ಕೇಳಬೇಕಲ್ಲ."

ಇನ್ಸ್‌ಪೆಕ್ಟರ್ ಅವಳ ಕಣ್ಣನ್ನು ಹುಡುಕಿದಳು. ಅಕ್ಕ ತಲೆ ಎತ್ತಲಿಲ್ಲ.

"ಅಕ್ಕ, ನಿಮ್ಮ ಮಾತು ಒಂದೇ ಈಗ ಅವನಿಗೆ ಉಳಿದಿರೋದು. ಅದನ್ನ ವಾಪಸ್ ತಗೊಂಡ್ರೆ ಅವನು ಜನ್ಮಪೂರ್ತಿ ಒಳಗೆ ಕೊಳೀತಾನೆ."

"ಗೊತ್ತು."

"ಸುಳ್ಳು ಹೇಳ್ತಿರೋದು ಈಗ. ಮೆಟ್ಟಿಲ ಗೋಡೆ ಎರಡೂ ಕಡೆ ಗೀರಿದೆ. ಕುಂಡ ಇಳಿದಿದೆ, ಹತ್ತಿದೆ. ಒಂದು ಕಡೆ ನೀವು. ಅವನು ಬಂದೇ ಇಲ್ಲ ಅಂದ್ರೆ, ಇನ್ನೊಂದು ಕಡೆ ಹಿಡಿದಿದ್ದು ಯಾರು?"

ಗಾಳಿಗೆ ಹಸಿರು ಬಲೆ ಪಟಪಟ ಬಡಿದುಕೊಂಡಿತು. ಅಕ್ಕನ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು. ಮುಳ್ಳು ಚುಚ್ಚಿ ಬೆರಳಿನಿಂದ ರಕ್ತ ಬಂದಿದ್ದರೂ ತೆಗೆಯಲಿಲ್ಲ.

ಆಗ ಕೆಳಗೆ ಬೀದಿಬಾಗಿಲಿನ ಬೀಗದಲ್ಲಿ ಕೀಲಿಕೈ ತಿರುಗಿದ ಸದ್ದು ಕೇಳಿತು. ಬಂದವರು ತಟ್ಟಲಿಲ್ಲ, ಕೂಗಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು. ಚಪ್ಪಲಿ ಕಳಚಿಟ್ಟ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಮನೆಯ ಪರಿಚಯವಿದ್ದವರ ನಿಧಾನದ ಹೆಜ್ಜೆ.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಒಬ್ಬ ಲಾಕಪ್ಪಿನಲ್ಲಿದ್ದ, ಇನ್ನೊಬ್ಬಳು ಎದುರಿಗೇ ಇದ್ದಳು. ಅಕ್ಕ ತಮ್ಮ ಇಬ್ಬರೂ ಬಚ್ಚಿಡುತ್ತಿದ್ದುದು ಈ ಮೂರನೆಯವರನ್ನೇ.

ಇನ್ಸ್‌ಪೆಕ್ಟರ್ ಮೆಟ್ಟಿಲ ಬಾಯಿಯ ಕಡೆ ಒಂದು ಹೆಜ್ಜೆ ಇಟ್ಟಳು. ಅಕ್ಕ ತಟ್ಟನೆ ಎದ್ದು ನಿಂತಳು. ಇಷ್ಟು ಹೊತ್ತು ಪಿಸುಮಾತಿನಷ್ಟೇ ಇದ್ದ ಅವಳ ದನಿ ಈಗ ಓಣಿಯ ತುದಿಗೂ ಕೇಳುವ ಹಾಗಿತ್ತು.

"ಇನ್ಸ್‌ಪೆಕ್ಟರ್ ಮೇಡಂ, ನಿಮಗೆ ನನ್ನ ಹತ್ತಿರ ಇನ್ನೇನಾದ್ರೂ ಕೇಳೋದಿದೆಯಾ?"

ಕೆಳಗೆ, ತಿರುವಿನ ಹತ್ತಿರ, ಹೆಜ್ಜೆ ನಿಂತಿತು.